ಮಡುವಿನ ಚಿತ್ರದಲ್ಲಿ ಒಂದು ಸುಳ್ಳು

ಮಾರ್ಚ್ 3

ಪ್ರೀತಿಯ ಅಣ್ಣನಿಗೆ,

ಚಳಿ ಹೋಯಿತು ಎನ್ನಲಾರೆ, ಆದರೆ ಬೆರಳು ಮಾತು ಕೇಳುವಷ್ಟು ಕಡಿಮೆಯಾಗಿದೆ. ಹೋದ ವಾರದಿಂದ ಮತ್ತೆ ನೀರಿಗಿಳಿದಿದ್ದೇನೆ. ಬೆಳಗ್ಗೆ ಹತ್ತರವರೆಗೆ ಗಾಳ, ಆಮೇಲೆ ಕುಂಚ. ಒಮ್ಮೆ ಈ ಕ್ರಮ ತಿರುಗಿಸಲು ಹೋಗಿ ಒಂದು ಕ್ಯಾನ್ವಾಸು ಹಾಳು ಮಾಡಿಕೊಂಡೆ. ಗಾಳ ಬೀಸದ ನೀರನ್ನು ಬರೆಯಲು ನನಗೆ ಬರುವುದಿಲ್ಲ. ದಡದಿಂದ ನೋಡಿದರೆ ಎಲ್ಲ ನೀರೂ ಒಂದೇ. ಎಲ್ಲಿ ಸೆಳೆತ, ಎಲ್ಲಿ ಆಳ, ಯಾವ ಕಲ್ಲಿನ ಹಿಂದೆ ನೀರು ಸುಮ್ಮನೆ ನಿಂತಿದೆ ಎಂಬುದನ್ನು ಗಾಳದ ತುದಿಗೆ ಕಟ್ಟಿದ, ತೇಲಿಹೋಗುವ ಗರಿಯ ನೊಣವೇ ಹೇಳಬೇಕು.

ಸೇತುವೆಯ ಕೆಳಗಿನ ನೀರಿನ ಚಿತ್ರ ಮುಗಿಯಿತು. ಫೋಟೋ ಇಟ್ಟಿದ್ದೇನೆ. ಎಂದಿನಂತೆ ಪ್ರಶ್ನೆ: ಸುಳ್ಳು ಎಲ್ಲಿದೆ?

ನೀನು ಕಲಿಸಿದ ಉಪಾಯ ಮತ್ತೊಮ್ಮೆ ಕೆಲಸ ಮಾಡಿತು, ಕೇಳು. ಹೋದ ಪ್ರದರ್ಶನದ ಪುಸ್ತಕ ಹಿಡಿದುಕೊಂಡು ಇಬ್ಬರು ಗಾಳದವರು ಬಂದಿದ್ದರಂತೆ. ನನ್ನ 'ಬಾಗಿದ ಮರದ ನೀರು' ಚಿತ್ರ ತೋರಿಸಿ, ಇಂಥ ಜಾಗ ಎಲ್ಲಿದೆ ಎಂದು ಊರೆಲ್ಲ ಕೇಳಿ ಎರಡು ದಿನ ಅಲೆದರಂತೆ. ಮರ ಇರುವುದು ಆಚೆ ದಡದಲ್ಲಿ, ನಾನು ಈಚೆಗೆ ತಂದು ನೆಟ್ಟಿದ್ದೇನೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು! ನದಿಯ ಚಿತ್ರ ಬರೆಯುವವಳು ಜಾಗ ತೋರಿಸಬೇಕು, ಮೀನು ಹಿಡಿಯುವವಳು ಜಾಗ ಮುಚ್ಚಿಡಬೇಕು. ಇಬ್ಬರೂ ನಾನೇ ಆದ್ದರಿಂದ ಚಿತ್ರಕ್ಕೊಂದು ಸುಳ್ಳು. ಅದನ್ನು ಕಂಡುಹಿಡಿಯುವ ಹಕ್ಕು ನಿನಗೊಬ್ಬನಿಗೆ.

ಈ ಸಲ ಇನ್ನೊಬ್ಬರೂ ಕಂಡುಹಿಡಿದರು. ನದಿಯ ನೀರಿನ ಮಟ್ಟ ಅಳೆಯುವ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ಬೆಳಗ್ಗೆ ಆರಕ್ಕೆ ಸೇತುವೆಯ ಕಂಬದ ಮೇಲಿನ ಅಳತೆಪಟ್ಟಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ನನ್ನ ಹಿಂದೆ ಬಂದು ನಿಂತು, "ಇದೇನ್ರೀ, ನನ್ನ ಅಳತೆಪಟ್ಟಿ ಎರಡನೇ ಕಂಬದ್ದು, ನೀವು ಮೂರನೇದಕ್ಕೆ ಹಾಕಿದೀರಲ್ಲ. ನನ್ನ ಕೆಲಸ ಕಳೀತೀರಾ?" ಎಂದರು. ಅಯ್ಯೋ, ನಿನಗೆ ಉತ್ತರ ಹೇಳಿಬಿಟ್ಟೆ. ಇರಲಿ, ಇದೊಂದು ಲೆಕ್ಕಕ್ಕಿಲ್ಲ.

ಅತ್ತಿಗೆಗೆ ನಮಸ್ಕಾರ.

ನಿನ್ನ
ಗುಬ್ಬಿ

*

ಮಾರ್ಚ್ 15

ಗುಬ್ಬೀ,

ಲೆಕ್ಕಕ್ಕಿದೆ. ನಾನು ಕಾಗದ ಓದುವ ಮೊದಲು ಫೋಟೋ ನೋಡುತ್ತೇನೆ, ನಿನಗೆ ಗೊತ್ತಿಲ್ಲವೆ? ಅಳತೆಪಟ್ಟಿಯನ್ನು ನಾನು ಅರ್ಧ ನಿಮಿಷದಲ್ಲಿ ಹಿಡಿದೆ. ನಿನ್ನ ಅತ್ತಿಗೆ ಸಾಕ್ಷಿ. "ಅಣ್ಣ ತಂಗಿ ಇಬ್ರೂ ಸುಳ್ಳಲ್ಲೇ ಡಿಗ್ರಿ ತಗೊಂಡಿದೀರಿ" ಎಂದು ಹೇಳಿ ಒಳಗೆ ಹೋದಳು. ಇನ್ನೊಂದು ತಪ್ಪೂ ಇದೆ: ನೀರಿನ ನೊರೆ. ಅದು ನಮ್ಮ ಹಲ್ಲಿನ ಬಣ್ಣದ ಪಟ್ಟಿಯಲ್ಲಿ 'ಎ ನಾಲ್ಕು', ಅಂದರೆ ನಲವತ್ತು ವರ್ಷ ಟೀ ಕುಡಿದವರ ಹಲ್ಲು. ಬೆಳಗಿನ ನೊರೆ ಇನ್ನೂ ಬೆಳ್ಳಗಿರಬೇಕು.

ನನ್ನ ಸುದ್ದಿ ಎಂದಿನದೇ. ಒಂದು ಕಿಟಕಿ, ಎರಡು ಬೆಂಚು, ಮೇಣದ ವಾಸನೆ. ಊರಿನ ಒಂಬತ್ತು ದಂತವೈದ್ಯರಿಗೆ ಹಲ್ಲು ಮಾಡಿಕೊಡುತ್ತೇನೆ. ನಾನು ಮಾಡಿದ ಹಲ್ಲಿನಲ್ಲಿ ನಗುವವರು ನನ್ನ ಮುಖ ನೋಡಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಚಿಮಟ, ಅದೇ ದೀಪದ ಕೆಳಗೆ ನಿನಗೆ ನೊಣ ಕಟ್ಟುತ್ತೇನೆ. ಕೊಕ್ಕೆಗೆ ಕಂದು ನೂಲು ಸುತ್ತಿ ಎರಡೆಳೆ ಬೂದುಗರಿ ಸೇರಿಸಿದ್ದು, ಆರು ಇಟ್ಟಿದ್ದೇನೆ. ಡಬ್ಬಿಯ ಮೇಲೆ 'ಕೆಳದವಡೆ, ಬಲ' ಎಂದಿದೆ, ಗಾಬರಿಯಾಗಬೇಡ.

ನಮ್ಮ ಮಡುವಿಗೆ ಹೋದೆಯಾ? ಹೋದ ವರ್ಷದ ಪ್ರವಾಹದ ಮೇಲೆ ಅದರ ಸುದ್ದಿಯನ್ನೇ ನೀನು ಬರೆದಿಲ್ಲ. ನಾಲ್ಕು ವರ್ಷವಾಯಿತು ನಾನು ಬಂದು. ಮುಂದಿನ ವರ್ಷ ಬೆಂಚಿಗೆ ಬಟ್ಟೆ ಮುಚ್ಚಿ ಬಂದೇಬಿಡುತ್ತೇನೆ. ಸೀಳುಬಂಡೆಯ ಮೇಲೆ ಕೂತು ನೀನು ಗಾಳ ಬೀಸುವುದನ್ನು ನೋಡಿ ತಪ್ಪು ಎಣಿಸುತ್ತೇನೆ. ಹನ್ನೆರಡು ವರ್ಷದ ಹುಡುಗಿ ದಾರವನ್ನು ನನ್ನ ಕಿವಿಗೆ ಸಿಕ್ಕಿಸಿದ್ದು ಅದೇ ಬಂಡೆಯ ಮೇಲೆ.

ಆ ಅಳತೆಯವರು ಮೀನು ಹಿಡಿಯುವವರಲ್ಲ ತಾನೆ?

ಅಣ್ಣ

*

ಏಪ್ರಿಲ್ 6

ಪ್ರೀತಿಯ ಅಣ್ಣನಿಗೆ,

ಅಲ್ಲ, ಮೀನು ಹಿಡಿಯುವವರಾಗಿರಲಿಲ್ಲ. ಈಗ ಆಗುತ್ತಿದ್ದಾರೆ. ತಪ್ಪು ನನ್ನದು.

ದಿನಾ ಬೆಳಗ್ಗೆ ಅದೇ ಸೇತುವೆಯ ಕೆಳಗೆ ಇಬ್ಬರೂ ಇರುತ್ತೇವೆ. ಎಷ್ಟು ದಿನ ಹವಾಮಾನದ ಮಾತಾಡುವುದು? ಒಂದು ದಿನ ಗಾಳದ ಕೋಲು ಕೈಗೆ ಕೊಟ್ಟೆ. ಎಡಗೈಯವರು. ಮೊದಲ ಬೀಸಿಗೆ ನನ್ನ ಟೋಪಿ, ಎರಡನೆಯದಕ್ಕೆ ಅವರದೇ ಬೆನ್ನು.

"ಯಾವ್ದಾದ್ರೂ ಸಿಕ್ತಾ?" ಎಂದೆ.

"ಎಪ್ಪತ್ತೆರಡು ಕೇಜಿದು ಒಂದು ಸಿಕ್ಕಿದೆ, ಬಿಡಿಸ್ಕೊಡಿ" ಎಂದರು.

ನಗು ತಡೆಯಲಾರದೆ ನೀರಿಗೆ ಬೀಳುತ್ತಿದ್ದೆ.

ಹೆಂಡತಿ ತೀರಿಹೋಗಿ ಆರು ವರ್ಷವಾಯಿತಂತೆ. ಮಾತು ಕಡಿಮೆ, ಆದರೆ ಆಡಿದ್ದು ನೇರ. ನೀನು ಕಟ್ಟಿದ ನೊಣಗಳಲ್ಲಿ ಎರಡು ಅವರಿಗೆ ಕೊಟ್ಟೆ. ಅಂಗೈಲಿಟ್ಟುಕೊಂಡು ತುಂಬ ಹೊತ್ತು ನೋಡಿ, "ಇದನ್ನ ಕಟ್ದೋರು ಇಲ್ಲಿಗೆ ಯಾಕೆ ಬರಲ್ಲ?" ಎಂದು ಕೇಳಿದರು. ಕೆಲಸ ಜಾಸ್ತಿ ಎಂದೆ. ಅದೇ ನಿಜವಾದ ಕಾರಣವೇ ಅಣ್ಣಾ?

ಕೋಣೆ ಹಾಗೇ ಇದೆ. ಕೆಳಗೆ ಹೊಲಿಗೆ ಯಂತ್ರ ರಿಪೇರಿಯವರು ಹಗಲೆಲ್ಲ ಖಾಲಿ ಯಂತ್ರ ಓಡಿಸಿ ಪರೀಕ್ಷಿಸುತ್ತಾರೆ. ನೆಲ ನಡುಗಿದಾಗ ಕುಂಚವೂ ನಡುಗುತ್ತದೆ. ನೀರಿನ ಅಲೆಗೆ ಅದೇ ಅನುಕೂಲ.

ನಿನ್ನ
ಗುಬ್ಬಿ

*

ಏಪ್ರಿಲ್ 19

ಗುಬ್ಬೀ,

ನಿನ್ನ ಅಳತೆಗೋಲಿಗೆ ನನ್ನ ನೊಣ ಮೆಚ್ಚುಗೆಯಾದದ್ದು ಸಂತೋಷ. ಮೊದಲೇ ಹೇಳಿದ್ದರೆ ಅವರಿಗೇ ಬೇರೆ ಡಬ್ಬಿ ಕಳಿಸುತ್ತಿದ್ದೆ. ಈ ಆರನ್ನು ನಿನ್ನ ಕೈಗೆಂದು ಕಟ್ಟಿದ್ದೆ. ನೊಣಕ್ಕೆ ಎಡಗೈ ಬಲಗೈ ಇಲ್ಲವೆಂದು ನನಗೂ ಗೊತ್ತು, ಬರೆಯಲು ಹೊರಡಬೇಡ.

ನಾನೇಕೆ ಬರುವುದಿಲ್ಲ ಎಂದು ಕೇಳಿದವರಿಗೆ ಹೇಳು: ಒಂಬತ್ತು ಡಾಕ್ಟರುಗಳ ನೂರಾರು ಬಾಯಿಗಳು ಕಾಯುತ್ತಿವೆ. ಕಂಬದ ಮೇಲಿನ ಅಂಕಿ ನೋಡಿ ಬರೆದರೆ ಮುಗಿಯುವ ಕೆಲಸವಲ್ಲ ನನ್ನದು.

ಅತ್ತಿಗೆ ಈ ಸಾಲು ಓದಿ, "ಇದೇನ್ರೀ, ಮದುವೆಗೆ ಬಂದ ಗಂಡಿನ ಮೇಲೆ ಹರಿಹಾಯ್ದ ಹಾಗಿದೆ" ಎಂದಳು. ಯಾವ ಮದುವೆ, ಯಾವ ಗಂಡು? ಅವಳಿಗೆ ಎಲ್ಲೆಲ್ಲೂ ಮದುವೆಯೇ ಕಾಣುತ್ತದೆ.

ನಮ್ಮ ಮಡುವಿನ ಮಾತು ಮಾತ್ರ ಮರೆಯಬೇಡ. ಬೇರೆ ನೀರನ್ನು ಬೇಕಾದವರಿಗೆ ತೋರಿಸು, ಒಂದೊಂದು ಸುಳ್ಳು ಹಾಕಿ ಬೇಕಾದಷ್ಟು ಬರೆ. ಅದೊಂದನ್ನು ಬರೆಯುವುದೂ ಇಲ್ಲ, ತೋರಿಸುವುದೂ ಇಲ್ಲ. ನಾವಿಬ್ಬರೇ.

ಅಣ್ಣ

*

ಮೇ 11

ಅಣ್ಣಾ,

ಈ ಕಾಗದವನ್ನು ಮೂರು ಸಲ ಹರಿದು ಬರೆದಿದ್ದೇನೆ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಮ್ಮ ಮಡುವನ್ನು ಬರೆದೆ. ಅವರನ್ನೂ ಕರೆದುಕೊಂಡು ಹೋಗಿದ್ದೆ.

ಬೈಯುವ ಮೊದಲು ಫೋಟೋ ನೋಡು. ಇಪ್ಪತ್ತಾರು ವರ್ಷದಿಂದ ನೋಡುತ್ತಿರುವ ನೀರು, ಬರೆಯದೆ ಇನ್ನೆಷ್ಟು ದಿನ ಇರಲಿ? ಒಬ್ಬಳೇ ಹೋಗಲು ಈಗ ಅಲ್ಲಿ ಸ್ವಲ್ಪ ಕಷ್ಟ. ಬಣ್ಣದ ಪೆಟ್ಟಿಗೆ, ಕ್ಯಾನ್ವಾಸು ಹೊರುವವರು ಬೇಕಿತ್ತು. ಹತ್ತು ದಿನ ಹೊತ್ತರು. ನಾನು ಬರೆಯುವಾಗ ಅವರು ಕೆಳಗಿನ ತಿರುವಿನಲ್ಲಿ ಗಾಳ ಬೀಸುತ್ತ ಬೆನ್ನು ಹಾಕಿ ನಿಂತಿರುತ್ತಿದ್ದರು. ಮುಗಿಯುವವರೆಗೆ ಒಮ್ಮೆಯೂ ತಿರುಗಿ ಚಿತ್ರ ನೋಡಲಿಲ್ಲ.

ಪ್ರದರ್ಶನದಲ್ಲಿ ಎಡಗೋಡೆಯ ಮಧ್ಯೆ ತೂಗುಹಾಕಿದ್ದೇನೆ. 'ಮಾರಾಟಕ್ಕಿಲ್ಲ' ಎಂದು ಚೀಟಿ ಅಂಟಿಸಿದ್ದೇನೆ. ಯಾರಿಗೆಂದು ಈಗಲೇ ಕೇಳಬೇಡ.

ಸುಳ್ಳು ಇದೆ, ಹೆದರಬೇಡ. ನಾನು ಬರೆದ ಎಲ್ಲ ಸುಳ್ಳುಗಳಿಗಿಂತ ದೊಡ್ಡದು. ಹೇಳು ನೋಡೋಣ.

ನಿನ್ನ
ಗುಬ್ಬಿ

*

ಮೇ 20

ತಂಗಿಗೆ,

ಮೂರು ಸಂಜೆ ನೋಡಿದೆ. ಬೆಂಚಿನ ದೀಪದ ಕೆಳಗೆ ಭೂತಗನ್ನಡಿ ಹಿಡಿದು, ಹಲ್ಲಿನ ಅಂಚು ಪರೀಕ್ಷಿಸುವ ಹಾಗೆ ಅಂಗುಲ ಅಂಗುಲವಾಗಿ ನೋಡಿದೆ.

ಎಡದಂಡೆಯ ಮೂರು ಮರ, ಸರಿ. ಬೇರು ಹೊರಗೆ ಬಂದ ನಡುವಿನದು, ಸರಿ. ಜೊಂಡು ಇರುವ ಕಡೆಯೇ ಜೊಂಡು. ಸೀಳುಬಂಡೆ ಎಲ್ಲಿರಬೇಕೋ ಅಲ್ಲೇ. ಬಲಭಾಗದ ಬಿರುಕಿನಲ್ಲಿ ಹುಲ್ಲು, ಎಡಬುಡದಲ್ಲಿ ನೀರು ತಿರುಗಿ ಬಿಳಿಯಾಗುವುದು, ಎಲ್ಲ ನಾನು ಕಣ್ಣು ಮುಚ್ಚಿದರೆ ಕಾಣುವ ಹಾಗೇ ಇದೆ. ನೊರೆಯ ಬಣ್ಣ ಕೂಡ ಈ ಸಲ ಸರಿಯಾಗಿದೆ.

ಸುಳ್ಳಿಲ್ಲ. ಇದೆ ಎಂದು ಬರೆದದ್ದೇ ಸುಳ್ಳು.

ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು ಊರಿನ ಗೋಡೆಗೆ ತೂಗುಹಾಕಿದ್ದೀಯ. ಪೆಟ್ಟಿಗೆ ಹೊತ್ತವರಿಗೆ ಬಹುಮಾನ ಬೇಡವೆ? ಚೀಟಿ ಯಾರಿಗೆಂದು ನಾನು ಕೇಳುವುದಿಲ್ಲ. ಕೇಳಬೇಕಾಗಿಲ್ಲ.

ಚಿತ್ರ ಚೆನ್ನಾಗಿದೆ. ನೀನು ಬರೆದದ್ದರಲ್ಲೆಲ್ಲ ಚೆನ್ನಾಗಿದೆ. ಕುಂಚ ಹಿಡಿಯಲು ನಿನಗೆ ಕಲಿಸಿದವನು ಯಾರೆಂದು ಪ್ರದರ್ಶನದಲ್ಲಿ ಯಾರಾದರೂ ಕೇಳಿದರೆ, ಆತ ಈಗ ದವಡೆ ಮಾಡುತ್ತಾನೆ ಎಂದು ಹೇಳು.

ಅಣ್ಣ

*

ಮೇ 29

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಕೋಪದಲ್ಲಿ ಬರೆದಾಗ ನಿನ್ನ ಅಕ್ಷರ ದುಂಡಗಾಗುತ್ತದೆ, ಗೊತ್ತೆ? ಎಲ್ಲ ಅಕ್ಷರವೂ ಮುತ್ತಿನಂತಿತ್ತು.

ಸುಳ್ಳು ಇದೆ ಅಣ್ಣಾ. ಇನ್ನೊಮ್ಮೆ ನೋಡು. ನೀನು ಸೋತೆ ಎಂದು ಒಪ್ಪಿಕೊಳ್ಳದೆ ಉತ್ತರ ಹೇಳಬಾರದು, ನಿಯಮ ನಿನ್ನದೇ. ಅವರು ಒಂದೇ ನೋಟಕ್ಕೆ ಹೇಳಿಬಿಟ್ಟರು! ಪ್ರದರ್ಶನದ ದಿನ ಮೊದಲ ಸಲ ಚಿತ್ರದ ಮುಂದೆ ನಿಂತರು, ಬೆರಳು ಚಾಚಿದರು, "ಇದು" ಎಂದರು. ಆಮೇಲೆ, "ಯಾರಿಗೋಸ್ಕರ ಅಂತ ಗೊತ್ತಾಯ್ತು ಬಿಡಿ" ಎಂದು ಟೋಪಿ ತೆಗೆದು ಕೈಲಿಟ್ಟುಕೊಂಡರು.

ಫೋಟೋದಲ್ಲಿ ಕಾಣದಿದ್ದರೆ ಬಂದು ನೋಡು. ಜೂನ್ ಕೊನೆಯವರೆಗೆ ಪ್ರದರ್ಶನ ಇರುತ್ತದೆ. ಎರಡು ದಿನ ಊರಿನ ಬಾಯಿಗಳು ತೆರೆದೇ ಇರಲಿ. ಬರುತ್ತೀಯಾ?

ನಿನ್ನ
ಗುಬ್ಬಿ

*

ಜೂನ್ 10

ಡಾಕ್ಟರಿಗೆ,

ಮೇಲ್ದವಡೆಯ ಹಲ್ಲಿನ ಬ್ರಿಡ್ಜ್ ಕಳಿಸಿದ್ದೇನೆ. ಬಲತುದಿ ಎತ್ತರ ಅನ್ನಿಸಿದರೆ ಸ್ವಲ್ಪ ಉಜ್ಜಿಕೊಳ್ಳಿ.

ನೀವು ವರ್ಷಗಳಿಂದ ಕೇಳುತ್ತಿದ್ದ ಜಾಗ. ಪಂಪ್‌ಹೌಸ್ ದಾಟಿ, ತಂತಿಬೇಲಿ ಮುರಿದ ಕಡೆ ಎಡಕ್ಕೆ. ಕಾಲುದಾರಿ ಎರಡಾಗುವಲ್ಲಿ ಸವೆದದ್ದನ್ನು ಬಿಟ್ಟು ಹುಲ್ಲು ಬೆಳೆದದ್ದನ್ನು ಹಿಡಿಯಿರಿ. ನದಿ ಸಿಕ್ಕಿದ ಮೇಲೆ ನಡುವೆ ಸೀಳಿದ ದೊಡ್ಡ ಬಂಡೆ ಹುಡುಕಿ. ಅದರ ಎಡಬುಡದಿಂದ ದಾಟಿ, ಮೊಣಕಾಲುದ್ದ ನೀರು. ಆಚೆ ದಡದಿಂದ ಗಾಳ ಬೀಸಿದರೆ ಬರಿಗೈಲಿ ಬರುವುದಿಲ್ಲ.

ನಿಮ್ಮ ಕ್ಲಬ್ಬಿನವರನ್ನೂ ಕರೆದುಕೊಂಡು ಹೋಗಬಹುದು. ಹೇಳಿದವರು ಯಾರೆಂಬುದು ಬೇಡ.

*

ಜೂನ್ 12

ತಂಗಿಗೆ,

ಕೆಲಸ ಜಾಸ್ತಿ. ಬರಲಾಗುವುದಿಲ್ಲ. ಅವರು ಒಂದೇ ನೋಟಕ್ಕೆ ಕಂಡುಹಿಡಿದದ್ದು ಸಂತೋಷ. ಇನ್ನು ಮುಂದೆ ಫೋಟೋ ತೆಗೆಸುವ ಶ್ರಮ ನಿನಗೆ ಬೇಡ.

ಅಣ್ಣ

*

ಜೂನ್ 27

ಅಣ್ಣಾ,

ನಿನ್ನ ನಾಲ್ಕು ಸಾಲಿಗೆ ಉತ್ತರ ಬರೆಯಬಾರದೆಂದಿದ್ದೆ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಹೋದ ಭಾನುವಾರ ನಾವಿಬ್ಬರೂ ಮಡುವಿನ ಹತ್ತಿರ ಹೋದಾಗ ಅಲ್ಲಿ ಮೂವರು ಗಂಡಸರಿದ್ದರು. ಹೊಸ ರಬ್ಬರು ಬೂಟು, ಹೊಸ ಕೋಲು. ಒಬ್ಬ ಆಗಲೇ ಏನನ್ನೋ ಹುಡುಕುತ್ತ ನೀರಿಗಿಳಿದಿದ್ದ. ನಾನು ಕೂಗುವಷ್ಟರಲ್ಲಿ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಟೋಪಿ ಮಾತ್ರ ಉಳಿಯಿತು. ಬೂಟಿನೊಳಗೆ ನೀರು ತುಂಬಿಕೊಂಡಿತ್ತು. ಅಳತೆಯವರು ಹಾಗೇ ನೀರಿಗೆ ಹಾರಿದರು. ಎರಡು ಸಲ ಮುಳುಗಿ ಎದ್ದರು. ಕೊನೆಗೆ ನನ್ನ ಗಾಳದ ಕೋಲು ಚಾಚಿ ಎಳೆದೆವು. ಆತ ಬದುಕಿದ. ಕಲ್ಲಿಗೆ ಬಡಿದು ಮುಂದಿನ ಹಲ್ಲು ಮುರಿದಿತ್ತು, ಬಾಯಿ ತುಂಬ ರಕ್ತ. ಜೊತೆಗಿದ್ದವರನ್ನು, "ದಾರಿ ಯಾರು ಹೇಳಿದ್ದು?" ಎಂದು ಕೇಳಿದೆ. "ಅವ್ರಿಗೇ ಗೊತ್ತು, ನಾವು ಹಿಂದೆ ಬಂದೋರು" ಎಂದರು. ಗಾಡಿಯಲ್ಲಿ ಹಾಕಿಕೊಂಡು ಹೋದರು.

ಆ ಹುಲ್ಲು ಬೆಳೆದ ಕಾಲುದಾರಿ ಗೊತ್ತಿರುವವರು ಮೂವರು, ಅಣ್ಣಾ. ನಾನಲ್ಲ. ನೀನು ಹೇಳುವವನಲ್ಲ. ನಿನ್ನನ್ನು ಕತ್ತರಿಸಿದರೂ ಹೇಳುವವನಲ್ಲ.

ಅವರ ಬಟ್ಟೆಯಿಂದ ಇನ್ನೂ ನೀರು ಇಳಿಯುತ್ತಿತ್ತು, ಆಗಲೇ ಕೇಳಿದೆ. "ನೀವು ಯಾರಿಗಾದ್ರೂ ಹೇಳಿದ್ರಾ?"

ಅವರು ನನ್ನನ್ನೇ ನೋಡಿದರು. "ಇಲ್ಲ" ಎಂದರು.

"ಹಾಗಾದ್ರೆ ನಮ್ಮಣ್ಣ ಹೇಳಿದ್ನಾ?" ಎಂದೆ. ಎಷ್ಟು ಕೆಟ್ಟದಾಗಿ ಕೇಳಿದೆನೋ ಏನೋ.

ಬೂಟು ಬಿಚ್ಚಿ ನೀರು ಚೆಲ್ಲಿದರು. "ಇಲಾಖೇಲಿ ಯಾರ ಹತ್ರನೋ ಬಾಯಿಬಿಟ್ಟಿರಬೇಕು, ನೆನಪಿಲ್ಲ. ನನ್ನದೇ ತಪ್ಪು ಅಂದ್ಕೊಳ್ಳಿ" ಎಂದರು.

ಇನ್ನು ಇತ್ತ ಬರಬೇಡಿ ಎಂದೆ. ಬಂದಿಲ್ಲ. ಬೆಳಗ್ಗೆ ಆರಕ್ಕೆ ಮೇಲಿನ ರಸ್ತೆಯಿಂದಲೇ ಬಗ್ಗಿ ಅಳತೆ ನೋಡಿ ಹೋಗುತ್ತಾರೆ.

ನೀನು ಮೊದಲೇ ಹೇಳಿದ್ದೆ. ನಾವಿಬ್ಬರೇ ಎಂದು.

ಗುಬ್ಬಿ

*

ಜುಲೈ 4

ನನ್ನ ಪುಟ್ಟ ಗುಬ್ಬಿಗೆ,

ಕಾಗದ ಓದಿ ಜೀವ ಮರುಗಿತು. ನಿನಗೇನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಆ ಮನುಷ್ಯನೂ ಬದುಕಿಕೊಂಡ. ನೀರಿನ ಗುಣ ತಿಳಿಯದವರು ಇಳಿಯಬಾರದು.

ಮಿಕ್ಕದ್ದರ ಬಗ್ಗೆ ನಾನು ಏನು ಹೇಳಲಿ? ನಾನು ಮೊದಲಿಂದಲೂ ಒಂದು ಮಾತು ಕೆಟ್ಟದ್ದು ಆಡಿಲ್ಲ, ನೀನೇ ನೆನಪಿಸಿಕೊ. ಮಾತು ಕಡಿಮೆ ಎಂದು ಬರೆದಿದ್ದೆಯಲ್ಲ, ಅಂಥವರು ಆಡುವುದು ಬೇರೆ ಕಡೆ. ಪಾಪ, ಬೇಕೆಂದು ಹೇಳಿರಲಾರರು. ಅವರಿಗೆ ಆ ಜಾಗ ಹತ್ತರಲ್ಲಿ ಒಂದು. ನಮಗೆ ಹಾಗಲ್ಲ. ಅದನ್ನು ಯಾರಿಗೂ ಕಲಿಸಲಾಗುವುದಿಲ್ಲ. ಬರಬೇಡಿ ಎಂದು ಹೇಳಿದ್ದು ಸರಿಯಾಗಿದೆ, ಮನಸ್ಸು ಸಡಿಲ ಬಿಡಬೇಡ.

ನನಗೀಗ ಸ್ವಲ್ಪ ಬಿಡುವಿದೆ. ಎಂಟು ಹೊಸ ನೊಣ ಕಟ್ಟಿದ್ದೇನೆ, ಈ ಸಲ ಬೂದುಗರಿಯ ಜೊತೆ ಒಂದೆಳೆ ಹಳದಿ. ಸೆಪ್ಟೆಂಬರಿನಲ್ಲಿ ಒಂದು ವಾರ ಬಂದೇಬಿಡುತ್ತೇನೆ. ಪೆಟ್ಟಿಗೆ, ಕ್ಯಾನ್ವಾಸು ಎಲ್ಲ ನಾನೇ ಹೊರುತ್ತೇನೆ. ನೀನು ಹೊಸ ಚಿತ್ರ ಶುರುಮಾಡು, ಫೋಟೋ ಕಳಿಸು. ನಾನು ಸೋತೆ ಎಂದೂ ಒಪ್ಪಿಕೊಂಡೆ. ಮಡುವಿನ ಚಿತ್ರದ ಸುಳ್ಳು ಏನೆಂದು ಈಗ ಹೇಳಬಹುದು.

ಅತ್ತಿಗೆ, "ಇವತ್ತೇನು ಬೆಂಚಲ್ಲಿ ಹಾಡು ಕೇಳಿಸ್ತಿದೆ?" ಎಂದಳು. ನಾನು ಹಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ನಿನ್ನ ಪ್ರೀತಿಯ
ಅಣ್ಣ

*

ಜುಲೈ 18

ಪ್ರೀತಿಯ ಅಣ್ಣನಿಗೆ,

ನೊಣಗಳು ಬಂದವು. ಹಳದಿ ಎಳೆ ತುಂಬ ಚೆನ್ನಾಗಿದೆ. ಇನ್ನೂ ಉಪಯೋಗಿಸಿಲ್ಲ. ಗಾಳ ಹಿಡಿದು ಮೂರು ವಾರವಾಯಿತು, ಆದ್ದರಿಂದ ಚಿತ್ರವೂ ಇಲ್ಲ.

ನೀನು ಸೋತೆ ಎಂದು ಒಪ್ಪಿದ್ದರಿಂದ ಹೇಳುತ್ತೇನೆ. ಸುಳ್ಳು ಸೀಳುಬಂಡೆ.

ಅದು ಅಲ್ಲಿಲ್ಲ ಅಣ್ಣಾ. ಹೋದ ವರ್ಷದ ಪ್ರವಾಹದಲ್ಲಿ ಉರುಳಿಹೋಯಿತು. ಈಗ ಕೆಳಗಿನ ತಿರುವಿನಲ್ಲಿ ಬೆನ್ನು ಮೇಲಾಗಿ ಬಿದ್ದಿದೆ. ಮೊದಲಿದ್ದ ಜಾಗದಲ್ಲಿ ಒಂದಾಳು ಗುಂಡಿಯಾಗಿದೆ. ನಿನಗೆ ಬರೆಯಲೇ ಇಲ್ಲ. ನಾಲ್ಕು ವರ್ಷದಿಂದ ಪ್ರತಿ ಕಾಗದದಲ್ಲೂ 'ಬಂಡೆಯ ಮೇಲೆ ಕೂತು' ಎಂದೇ ಬರೆಯುತ್ತೀಯ. ಬಂಡೆಯೇ ಇಲ್ಲವೆಂದರೆ ನೀನು ಇನ್ನು ಬರುವುದೇ ಇಲ್ಲವೆಂದು ಹೆದರಿದೆ. ಅದಕ್ಕೇ ಬರೆದೆ. ಇಲ್ಲದ ಬಂಡೆಯನ್ನು ನೆನಪಿನಿಂದ, ನೀನು ಕೂರುತ್ತಿದ್ದ ಕಡೆ ಸವೆದ ನುಣುಪಿನ ಸಮೇತ. ಆ 'ಮಾರಾಟಕ್ಕಿಲ್ಲ' ಚೀಟಿ ಅಂಟಿಸಿದ್ದು ನಿನಗಾಗಿ. ನಿನ್ನ ಬೆಂಚಿನ ಎದುರಿನ ಗೋಡೆ ಖಾಲಿ ಇದೆಯೆಂದು ಅತ್ತಿಗೆ ಹೇಳಿದ್ದರು. ಚಿತ್ರವನ್ನು ಕಟ್ಟಿ ಇಟ್ಟಿದ್ದೇನೆ, ನಾಳೆ ಹೊರಡುತ್ತದೆ.

ಅದೇ ಚಿತ್ರ ಒಬ್ಬನ ಜೀವ ತೆಗೆಯುತ್ತಿತ್ತು. ದಡಕ್ಕೆ ಎಳೆದಾಗ ಆತ ಮೊದಲು ಆಡಿದ ಮಾತು, "ಸೀಳಿದ ಬಂಡೆ ಎಲ್ಲಿ? ಎಡಬುಡದಲ್ಲಿ ಮೊಣಕಾಲುದ್ದ ಅಂದ್ರಲ್ಲ..." ಪ್ರದರ್ಶನದಲ್ಲಿ ನೋಡಿಕೊಂಡು ಬಂದಿದ್ದಾನೆ, ಪಾಪ. ಅಳತೆಯವರು ಆತನ ಬಾಯಿಯ ರಕ್ತ ಒರೆಸುತ್ತಿದ್ದವರು ಕೈ ನಿಲ್ಲಿಸಿ, "ಯಾವ ಬಂಡೆ ಅಂದ್ರಿ?" ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಮತ್ತೆ ಒರೆಸತೊಡಗಿದರು.

ನಿನ್ನೆ ಅಂಗಡಿಯಲ್ಲಿ ಎದುರಾದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ನಿಮ್ಮಣ್ಣ ಸೆಪ್ಟೆಂಬರಲ್ಲಿ ಬರ್ತಾರಂತಲ್ಲ, ರಿಪೇರಿಯವರು ಹೇಳಿದ್ರು. ಒಳ್ಳೇದಾಯ್ತು" ಎಂದರು. ಅಷ್ಟೇ. ನನಗೆ ಕೋಪ ಇಳಿಯಬೇಕಿತ್ತೋ ಏರಬೇಕಿತ್ತೋ ತಿಳಿಯಲಿಲ್ಲ.

ನಿನ್ನ
ಗುಬ್ಬಿ

*

ಜುಲೈ 30

ಗುಬ್ಬೀ,

ನಿನ್ನ ಕಾಗದ ಬಂದು ಒಂಬತ್ತು ದಿನ, ಚಿತ್ರ ಬಂದು ಆರು. ಚಿತ್ರ ಇನ್ನೂ ಕಟ್ಟು ಬಿಚ್ಚದೆ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ.

ದಾರಿ ಹೇಳಿದವನು ನಾನು. ಜೂನ್ ಹತ್ತನೇ ತಾರೀಕು, ಒಂದು ಬ್ರಿಡ್ಜಿನ ಡಬ್ಬಿಯೊಳಗೆ ಚೀಟಿ ಬರೆದು ಇಟ್ಟೆ. ನೀವು ದಡಕ್ಕೆ ಎಳೆದಾತ ನನ್ನ ಒಂಬತ್ತು ಡಾಕ್ಟರುಗಳಲ್ಲಿ ಒಬ್ಬರು, ಚೀಟಿ ಹೋದದ್ದು ಅವರಿಗೇ. ಹೋದ ವಾರ ಅವರ ಕ್ಲಿನಿಕ್ಕಿನಿಂದ ಒಂದು ಅಚ್ಚು ಬಂತು, ಮೇಲಿನ ಎರಡು ಮುಂಭಾಗದ ಹಲ್ಲು. ರೋಗಿಯ ಹೆಸರಿರಬೇಕಾದ ಕಡೆ ಅವರದೇ ಹೆಸರಿತ್ತು. ನೆಟ್ಟಗೆ ಕೂತು ಮಾಡಿದೆ. ಇಷ್ಟು ಎಚ್ಚರದಿಂದ ನಾನು ಯಾವ ಹಲ್ಲನ್ನೂ ಮಾಡಿಲ್ಲ.

ನೀನು ಒಂದೇ ಒಂದು ಕಡೆ ತಪ್ಪಿದ್ದೀಯ. ಚಿತ್ರ ನೋಡಿದವನಿಗೆ ಬಂಡೆ ಗೊತ್ತಾಗುತ್ತದೆ, ಅದರ ಎಡಬುಡದಲ್ಲಿ ನೀರು ಮೊಣಕಾಲುದ್ದ ಎಂದು ಗೊತ್ತಾಗುವುದಿಲ್ಲ. ದಿನಾ ಆ ನದಿ ಅಳೆಯುವವರು ಇಲ್ಲದ ಬಂಡೆಯ ಬುಡದಿಂದ ದಾಟಿ ಎಂದು ಯಾರಿಗೂ ಹೇಳುವುದಿಲ್ಲ. ಆ ಬಂಡೆ ಇನ್ನೂ ಅಲ್ಲೇ ಇದೆಯೆಂದು ನಂಬಿಕೊಂಡಿದ್ದವನು ಲೋಕದಲ್ಲಿ ಒಬ್ಬನೇ. ಆತ ನೀರು ಕಕ್ಕುತ್ತ ಎಡಬುಡ ಎಂದ ಕ್ಷಣ ನಿನ್ನ ಅಳತೆಯವರಿಗೆ ಎಲ್ಲ ತಿಳಿದಿದೆ. ಅದಕ್ಕೇ ಎರಡನೇ ಸಲ ಕೇಳಿದ್ದು. ಆಮೇಲೆ ನೀನು 'ಹಾಗಾದರೆ ನಮ್ಮಣ್ಣ ಹೇಳಿದ್ನಾ' ಎಂದೆ. ಹೌದು ಎಂಬ ಎರಡಕ್ಷರ ಅವರ ಬಾಯಲ್ಲಿತ್ತು. ಬೂಟಿನ ನೀರು ಚೆಲ್ಲಿ, ತಪ್ಪು ನನ್ನದು ಎಂದುಬಿಟ್ಟರು. ನಿನಗೆ ಅಣ್ಣ ಉಳಿಯಲಿ ಎಂದು.

ಇದನ್ನು ನಾನು ಒಳ್ಳೆಯತನದಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಜುಲೈ ನಾಲ್ಕರ ಕಾಗದ ಬರೆದಾಗ ನಾನು ಹಾಡುತ್ತಿದ್ದೆ, ಅದು ನಿಜ. ಅವರು ಸುಮ್ಮನಿದ್ದರೆಂದು ತಿಳಿಯದೇ ಹೋಗಿದ್ದರೆ ಇವತ್ತೂ ಹಾಡುತ್ತಿದ್ದೆ. ನನಗೆ ತಡೆಯಲಾಗದೆ ಹೋದದ್ದು ಒಂದೇ. ನಿನ್ನ ಪಕ್ಕದಲ್ಲಿ ನಿಲ್ಲುವ ಜಾಗವನ್ನು ಅವರಿಂದ ನಾನು ಕಿತ್ತುಕೊಂಡೆ ಅಂದುಕೊಂಡಿದ್ದೆ. ಅವರು ಬಿಟ್ಟುಕೊಟ್ಟಿದ್ದರು. ಅಂಗಡಿಯಲ್ಲಿ ಪಕ್ಕಕ್ಕೆ ಸರಿದ ಹಾಗೆ. ಆ ಮನುಷ್ಯ ಬಿಟ್ಟುಕೊಟ್ಟ ಜಾಗದಲ್ಲಿ ಸೆಪ್ಟೆಂಬರಿನಲ್ಲಿ ಬಂದು ನಿಲ್ಲಲು ನನ್ನಿಂದಾಗುವುದಿಲ್ಲ. ನಿನಗೆ ಗೊತ್ತಿಲ್ಲದೆಯೂ ಅವರು ನನಗಿಂತ ದೊಡ್ಡವರಾಗಿರುವುದು ನನಗೆ ಆಗುವುದಿಲ್ಲ. ಹೊಟ್ಟೆಕಿಚ್ಚಿನಿಂದಲೇ ಮಾಡಿದೆ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಅತ್ತಿಗೆಗೆ ಮೊನ್ನೆ ಹೇಳಿದೆ. ಕೈಲಿದ್ದ ಬಟ್ಟೆ ಮಡಿಸುವುದನ್ನು ಮುಗಿಸಿ, "ನೀವು ಬರೀತೀರೋ, ನಾನು ಬರೀಲೋ?" ಎಂದಳು.

"ನಾನೇ ಬರೀತೀನಿ. ನೀನು ಬರೆದ್ರೆ ಆ ಅಳತೆಗೋಲನ್ನ ದೇವರು ಮಾಡಿಬಿಡ್ತೀಯ" ಎಂದೆ.

"ಮಾಡೋದೇನು ಬಂತು" ಎಂದು ಒಳಗೆ ಹೋದಳು. ಅಂದಿನಿಂದ ಊಟದ ತಟ್ಟೆ ಇಡುತ್ತಾಳೆ, ಮಾತಿಲ್ಲ.

ಕ್ಷಮಿಸು ಎಂದು ಬರೆದು ಅಳಿಸಿದ್ದೇನೆ, ಮೇಲಿನ ಕಲೆ ಅದೇ. ಅದನ್ನು ಕೇಳುವ ಸರದಿ ಇನ್ನೂ ಬಂದಿಲ್ಲ. ಈ ಕಾಗದ ನಿನಗೆ ಮಧ್ಯಾಹ್ನದ ಅಂಚೆಯಲ್ಲಿ ಸಿಗುತ್ತದೆ. ಓದುತ್ತೀಯ. ಇನ್ನೊಮ್ಮೆ ಓದುತ್ತೀಯ. ಆಮೇಲೆ ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಮೆಟ್ಟಿಲಿಳಿದು ಅವರ ಮನೆಗೆ ಹೋಗುತ್ತೀಯ. ನನಗೆ ಉತ್ತರ ಬರೆಯುವುದು ಅದಾದ ಎಷ್ಟೋ ದಿನಕ್ಕೆ, ಬರೆದರೆ. ಈ ಕ್ರಮ ನನಗೆ ಚೆನ್ನಾಗಿ ಗೊತ್ತು. ಮೊದಲು ಅವರು, ಆಮೇಲೆ ನಾನು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ಹೋಗು.

ಅಣ್ಣ